ನಾಲ್ಕನೇ ಆಂಟೆನಾ

ದೆವ್ವ, ಗಾಳಿ ಅಂತ ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಈಗ ನಂಬುತ್ತೇನೆ ಅಂತಲ್ಲ. ಎದ್ದು ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ಕೆಲಸ ಇಂಟರ್ನೆಟ್ ಕೊಡುವ ವೈರ್‌ಲೆಸ್ ಪೆಟ್ಟಿಗೆಗಳ ಪರೀಕ್ಷೆ. ಎರಡು ವರ್ಷದ ಹಿಂದೆ ಹಾಸನದ ಕಡೆ, ಕಟ್ಟಾಯದ ಆಚೆಗಿನ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ನಾಲ್ಕು ಆಂಟೆನಾದ ಪೆಟ್ಟಿಗೆ ಹಾಕಿದ್ದೆವು. ಬಸುರಿಯರು ಹಾಸನದ ಬಸ್ಸಿಗೆ ಕಾಯದೆ ಅಲ್ಲೇ ವೀಡಿಯೋದಲ್ಲಿ ಡಾಕ್ಟರಿಗೆ ತೋರಿಸಿಕೊಳ್ಳಲಿ ಅಂತ. ಒಳಗಿನ ಮೇಜಿನ ಹತ್ತಿರ ನಾಲ್ಕೂ ಆಂಟೆನಾದ ಸಿಗ್ನಲ್ ಚೆನ್ನಾಗಿ ಸಿಕ್ಕರೆ ಪಾಸು. ಇಲ್ಲದಿದ್ದರೆ ಸಂಜೆಯೇ ಬಿಚ್ಚಿ ಬೇರೆ ಊರಿಗೆ ಒಯ್ಯಬೇಕು. ನರ್ಸ್ ಸಾವಿತ್ರಮ್ಮ ಬೆಳಿಗ್ಗೆಯೇ ಕೈ ಹಿಡಿದುಕೊಂಡು ಹೇಳಿದ್ದರು: "ಏನಾರಾ ಮಾಡಿ ಸಾ, ಇದ್ನ ವಾಪಸ್ ಒಯ್ಬ್ಯಾಡಿ. ಬಸ್ಸಲ್ಲೇ ಎರ್ಗೆ ಆಗಿರೋದ್ನ ನೋಡಿವ್ನಿ."

ಮನುಷ್ಯನ ಮೈ ಸಿಗ್ನಲ್ ಕುಡಿಯುತ್ತದೆ. ಹಾಗಾಗಿ ಅಳೆಯುವ ಮುಂಚೆ ಎಲ್ಲರನ್ನೂ ಆಚೆ ಕಳಿಸುವುದು ನಮ್ಮ ಪದ್ಧತಿ. ಕಳಿಸಿದೆ. ಮೂರು ಆಂಟೆನಾ ಸರಿಯಾಗಿ ಬಂದವು, ನಾಲ್ಕನೆಯದು ಕುಸಿಯಿತು. ಆಂಟೆನಾ ಬದಲಿಸಿದೆ, ವೈರು ಬದಲಿಸಿದೆ, ಕೊನೆಗೆ ಪೆಟ್ಟಿಗೆಯನ್ನೇ ಬದಲಿಸಿದೆ. ಊಹೂಂ. ನಾನೂ ಬಿಡುವ ಪೈಕಿ ಅಲ್ಲ. ಊಟ ಬಿಟ್ಟು ಒಂಬತ್ತು ಸಲ ಅಳೆದೆ. ಆ ಆಂಟೆನಾಕ್ಕೂ ಮೇಜಿಗೂ ನಡುವೆ ಇದ್ದದ್ದು ರೋಗಿಗಳು ಕೂರುವ, ಮೊಣಕಾಲೆತ್ತರದ ಕಲ್ಲುಬೆಂಚು ಒಂದೇ. ಅದು ಏನು ತಡೆದೀತು? ನಾನೇ ಹೋಗಿ ಅದರ ತುದಿಯಲ್ಲಿ ಕೂತು ನೋಡಿದೆ. ಅಂಕಿ ಅಲ್ಲಾಡಲಿಲ್ಲ. ನಾನು ಕೂತರೂ ಎದ್ದರೂ, ಒಬ್ಬರು ಆಗಲೇ ಅಲ್ಲಿ ಕೂತಿದ್ದರೆ ಎಷ್ಟು ತೋರಿಸಬೇಕೋ ಅಷ್ಟೇ ತೋರಿಸುತ್ತಿತ್ತು. ತಲೆ ಕೆಟ್ಟು ಗೊಬ್ಬರವಾಯಿತು.

ಮೂರು ಗಂಟೆಗೆ ಸಾವಿತ್ರಮ್ಮ ಔಷಧಿ ಡಬ್ಬ ಹೊತ್ತು ಒಳಗೆ ಬಂದರು. ಡಬ್ಬ ಇಡಲು ಖಾಲಿ ಬೆಂಚಿನ ಮುಂದೆ ನಿಂತು, "ಅಜ್ಜಿ, ವಸಿ ಅತ್ಲಾಗೆ ಜರುಗು" ಅಂದರು. ಅಂದವರೇ ನಾಲಿಗೆ ಕಚ್ಚಿಕೊಂಡರು.

"ಅಭ್ಯಾಸ ಕಣ್ ಸಾ. ಗೌರಜ್ಜಿ ಬೀಪಿ ನೋಡಿಸ್ಕಳಕ್ಕೆ ದಿನಾ ಬಂದು ಇಲ್ಲೇ ಕೂರೋದು. ಓದ್ ತಿಂಗ್ಳು ತೀರ್ಕಂಡ್ತು, ಪಾಪ."

ನನ್ನ ಕಣ್ಣು ಪರದೆಯ ಮೇಲಿತ್ತು. ಅವರು ಜರುಗು ಅಂದದ್ದೇ ತಡ, ನಾಲ್ಕನೆಯದು ಸರಸರ ಮೇಲೇರಿ ಉಳಿದ ಮೂರರ ಸಮ ನಿಂತಿತ್ತು. ಅವರನ್ನು ಆಚೆ ಕಳಿಸಿ ಮತ್ತೆ ಅಳೆದೆ. ಐದು ಸಲ. ಐದೂ ಸಲ ಪಾಸು.

ಪಾಸಾಯಿತು ಅಂದಾಗ ಸಾವಿತ್ರಮ್ಮ ಕಣ್ಣೊರೆಸಿಕೊಂಡರು. "ಏನ್ ರಿಪೇರಿ ಮಾಡುದ್ರಿ ಸಾ?" ಅಂತ ಕೇಳಿದರು. ನಾನು ವೈರು ಸುತ್ತತೊಡಗಿದೆ.

ಫೇಲಾದದ್ದು ಪಾಸಾದರೆ ಏನು ಬದಲಾಯಿಸಿದಿರಿ ಅಂತ ವರದಿಯಲ್ಲಿ ಬರೆಯಲೇಬೇಕು. ಪೆಟ್ಟಿಗೆ ಅಲ್ಲೇ ಉಳಿಯಲೇಬೇಕು ಅಂತ ಹಟ ಹಿಡಿದು, "ಅಡ್ಡ ಇದ್ದದ್ದನ್ನು ಜರುಗಿಸಲಾಯಿತು" ಅಂತ ಬರೆದು ಸಹಿ ಹಾಕಿದೆ. ಅಡ್ಡ ಏನಿತ್ತು ಅಂತ ಕಚೇರಿಯಲ್ಲಿ ಯಾರೂ ಕೇಳಲಿಲ್ಲ.