ದೂರು ಬಾರದ ಕೋಣೆ

ಇನ್ನೂ ನಸುಕು. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಇಬ್ಬರು ಎದುರುಬದುರು ಕೂತಿದ್ದಾರೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಒಪ್ಪಿಸುತ್ತಾರೆ.

“ಮಕ್ಕಳ ವಾರ್ಡು?”

“ಅವಸರದ ಡಾಕ್ಟ್ರಮ್ಮ. ಮಧ್ಯಾಹ್ನದ ಮೇಲೆ ಕೆಮ್ಮೋ ಡಾಕ್ಟ್ರು.”

“ಮೂಳೆ ವಿಭಾಗ?”

“ಯಾವಾಗ್ಲೂ ಬಾಯಲ್ಲಿ ಏನಾದ್ರೂ ಇಟ್ಕೊಂಡೇ ಮಾತಾಡ್ತಾರಲ್ಲ, ಅವರು.”

“ಅಣ್ಣ, ಫೋನಲ್ಲೂ ಹೀಗೇ ಅಂದ್ಬಿಟ್ಟೀರಿ.”

“ಅನ್ನಲ್ಲಮ್ಮ. ಇಷ್ಟು ವರ್ಷ ನಾಲಿಗೆ ಕಚ್ಕೊಂಡೇ ಕೆಲಸ ಮಾಡಿದೀನಿ.”

ಒಪ್ಪಿಸುತ್ತಿರುವವರು ಆಪರೇಟರಣ್ಣ. ಹುಟ್ಟಿನಿಂದ ಕಣ್ಣು ಕಾಣದು. ಆಸ್ಪತ್ರೆಯ ಮಂದಿಯನ್ನೆಲ್ಲ ದನಿಯ ಮೇಲೆ ಗುರುತಿಟ್ಟು ಅಡ್ಡಹೆಸರು ಕಟ್ಟಿದ್ದಾರೆ. ಕೇಳುತ್ತಿರುವವರು ನೆಲಮಾಳಿಗೆಯ ಕಂಪ್ಯೂಟರ್ ಸಹಾಯ ಕೇಂದ್ರದ ಅಕ್ಕ. ಏನು ಕೆಟ್ಟಿತೆಂದರೂ ಮೊದಲು “ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ” ಎನ್ನುವುದರಿಂದ ಎಲ್ಲರ ಬಾಯಲ್ಲೂ ರೀಸ್ಟಾರ್ಟಕ್ಕ. ಈ ಬರಹ ಅವರ ಬಗ್ಗೆ. ಆದರೆ ಅಣ್ಣನ ಮಾತೆತ್ತದೆ ಇವತ್ತು ಅಕ್ಕನ ಬಗ್ಗೆ ಮಾತಾಡಲು ಬರುವುದಿಲ್ಲ.

ಕಂಪ್ಯೂಟರಿನ ಪರದೆಯಲ್ಲಿ ಇರುವುದನ್ನು ಅಣ್ಣನ ಕಿವಿಗೆ ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ. ಅಣ್ಣ ಅದಕ್ಕಿಟ್ಟ ಹೆಸರು ಚಾಡಿಕೋರ. ಯಾವ ಡಾಕ್ಟರು ಎಲ್ಲಿದ್ದಾರೆ, ಯಾರ ಬದಲು ಯಾರು ಬಂದಿದ್ದಾರೆ ಎಂದು ಚಾಡಿಕೋರ ಕಿವಿಯಲ್ಲಿ ಊದಿದ ಮೇಲೆಯೇ ಅಣ್ಣ ಕರೆ ಜೋಡಿಸುವುದು. ಈಚೆಗೆ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಅಂದಿನಿಂದ ಚಾಡಿಕೋರ ಮಾತಿನ ನಡುವೆ ಮೂಕನಾಗುತ್ತಾನೆ. ಅಕ್ಕ ಮಾಡದ ಉಪಾಯವಿಲ್ಲ. ಹೊಸದಕ್ಕೆ ಒಗ್ಗುವ ಹೊಸ ಚಾಡಿಕೋರ ಬೇಕು, ಅವನನ್ನು ತರಿಸಲು ಮಂಜೂರಾತಿ ಬೇಕು, ಮಂಜೂರಾತಿಗೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಅಣ್ಣ ನಸುಕಿಗೇ ಬಂದು ಡಾಕ್ಟರುಗಳ ಪಾಳಿಯನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತಿದ್ದಾರೆ. ಓದಿ ಹೇಳಲು ಅಕ್ಕನೂ ನಸುಕಿಗೇ ಬರುತ್ತಾರೆ.

ಹಳೆಯದಕ್ಕೆ ಮರಳುವ ದಾರಿ ಇದೆ. ಯಂತ್ರ ಹಳೆಯದನ್ನು ಹತ್ತು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದು ಆಮೇಲೆ ತಾನೇ ಅಳಿಸಿಬಿಡುತ್ತದೆ. ಇವತ್ತು ಸಂಜೆ ಐದಕ್ಕೆ ಆ ದಾರಿ ಮುಚ್ಚುತ್ತದೆ. ಮರಳಿಸಲು ಆಡಳಿತಾಧಿಕಾರಿಯ ಒಪ್ಪಿಗೆ ಬೇಕು. ಒಪ್ಪಿಗೆಗೆ ಆ ಯಂತ್ರ ಬಳಸುವವರೇ ದೂರು ಕೊಡಬೇಕು. ಅಣ್ಣ ಕೊಡುವುದಿಲ್ಲ. ನೀನೂ ಯಾರಿಗೂ ಹೇಳಕೂಡದು ಎಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದಾರೆ.

“ಚಾಡಿಕೋರ ಸರಿಯಿಲ್ಲ ಅಂದ್ರೆ ಅವನನ್ನ ಬದಲಾಯಿಸಲ್ಲಮ್ಮ, ನನ್ನನ್ನ ಬದಲಾಯಿಸ್ತಾರೆ,” ಎನ್ನುತ್ತಾರೆ ಅಣ್ಣ. “ಮಕ್ಕಳ ವಾರ್ಡಿಗೆ ಒಂದು ಒತ್ತಿ, ಮೂಳೆಗೆ ಎರಡು ಒತ್ತಿ ಅನ್ನೋ ಯಂತ್ರ ಇದೆಯಲ್ಲ. ಅದು ರಜೆ ಕೇಳಲ್ಲ, ಕೆಮ್ಮಲ್ಲ, ಬಾತ್‌ರೂಮಿಗೂ ಎದ್ದು ಹೋಗಲ್ಲ. ಹೋದ ವರ್ಷವೇ ಅದರ ಮಾತು ಬಂದಿತ್ತು. ನಾನು ನೆಪ ಕೊಡ್ಲಾ?”

ಅಕ್ಕ ಗಡಿಯಾರ ನೋಡುತ್ತಾರೆ.

ನೆಲಮಾಳಿಗೆಯಲ್ಲಿ ಅಕ್ಕನ ಕೋಣೆ ಇರುವುದು ಬಟ್ಟೆ ಒಗೆಯುವ ವಿಭಾಗದ ಪಕ್ಕ. ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಒಂದು ಮೇಜು, ಎರಡು ಪರದೆ, ಮೂಲೆಯಲ್ಲಿ ಬಾಲ ಕಿತ್ತ ಮೌಸುಗಳ ರಾಶಿ. ಮಾಮೂಲು ದಿನ ಮೂವತ್ತು ಕರೆ, ಈ ವಾರ ಅದರ ಎರಡರಷ್ಟು. ಹಾಗಂತ ಬಂದಿರುವುದು ಮಹಾ ಬದಲಾವಣೆಯೇನಲ್ಲ. ಬಣ್ಣ ಒಂದಿಷ್ಟು ತಿಳಿಯಾಗಿದೆ, ಚೌಕದ ಮೂಲೆಗಳು ದುಂಡಗಾಗಿವೆ, ಎಡಗಡೆ ಇದ್ದ ಗುಂಡಿ ನಡುವಿಗೆ ಬಂದು ಕೂತಿದೆ, ಕೆಳಗೊಂದು ಕಡೆ ಮೋಡದ ಚಿತ್ರ ಹಾಕಿ ಹೊರಗೆ ಸೆಕೆ ಎಷ್ಟು ಎಂದು ತೋರಿಸುತ್ತದೆ. ಮನೆಗೆ ಸುಣ್ಣ ಬಳಿದು ಕುರ್ಚಿ ಸರಿಸಿದಷ್ಟೇ. ಆದರೆ ಕುರ್ಚಿ ಸರಿಸಿದ ಮನೆಯಲ್ಲಿ ಎಷ್ಟು ಜನ ಎಡವುತ್ತಾರೆ ಎಂಬುದು ಎಡವಿದವರಿಗೇ ಗೊತ್ತು.

ಮೊದಲ ಕರೆ ಲೆಕ್ಕಪತ್ರ ವಿಭಾಗದ ಗುಮಾಸ್ತರದು. “ಏನಮ್ಮ, ಗಡಿಯಾರ ಎಲ್ಲಿ ಹೋಯ್ತು?”

“ಅಲ್ಲೇ ಮೂಲೇಲಿದೆ ಸರ್. ಸ್ವಲ್ಪ ಸಣ್ಣಗಾಗಿದೆ.”

“ಸಣ್ಣಗಾಗೋಕೆ ಅದೇನು ಪಥ್ಯದಲ್ಲಿದೆಯಾ?”

ಆಮೇಲೆ ಹಿರಿಯ ನರ್ಸಮ್ಮ. ಅಕ್ಷರ ದೊಡ್ಡದಾಗಿದೆ, ಕನ್ನಡಕ ಹಾಕದೆ ಓದುತ್ತಿದ್ದೇನೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿಯೇ ಬಿಡುತ್ತಾರೆ. ಅವರು ಫೋನ್ ಇಡುತ್ತಿದ್ದಂತೆ ಔಷಧಿ ಕೌಂಟರಿನವನು: “ಹೊಸದು ಹೊಸದು ಅಂದ್ರಿ. ಎಲ್ರೀ ಹೊಸದು? ಮೊದ್ಲೂ ನಿಧಾನ, ಈಗ್ಲೂ ನಿಧಾನ. ನಿಧಾನಕ್ಕೆ ಬಣ್ಣ ಹೊಡ್ದಿದ್ದೀರಿ.” ಎಕ್ಸ್‌ರೇ ವಿಭಾಗದ ಹುಡುಗಿಯ ಪರದೆ ಸಂಜೆಯಾದರೆ ಹಳದಿಗೆ ತಿರುಗುತ್ತದೆ, ಕಣ್ಣಿಗೆ ಹಿತವಾಗಲಿ ಎಂದು ಅದು ತಾನಾಗಿ ಆಗುವುದು. ಆಕೆ ಹೇಳುವುದು, “ಅಕ್ಕ, ನನ್ನ ಕಂಪ್ಯೂಟರಿಗೆ ಕಾಮಾಲೆ ಆಗಿದೆ.” ಒಬ್ಬ ಡಾಕ್ಟರಿಗೆ ಮೋಡದ ಚಿತ್ರ ಬೇಡವೇ ಬೇಡ. ಪಕ್ಕದ ಕೋಣೆಯ ಡಾಕ್ಟರಿಗೆ ಅದೊಂದೇ ಇಷ್ಟವಾದದ್ದು, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವರಿಗೆ ಹೊರಗೆ ಮೋಡ ಇದೆ ಎಂದು ತಿಳಿಯುವುದೂ ದೊಡ್ಡದೇ.

ಅಕ್ಕ ಎಲ್ಲರಿಗೂ ಒಂದೇ ದನಿಯಲ್ಲಿ ಉತ್ತರಿಸುತ್ತಾರೆ. ನಡುನಡುವೆ ಕೈ ತಾನಾಗಿ ಕುತ್ತಿಗೆಯ ಹಿಂಭಾಗಕ್ಕೆ ಹೋಗುತ್ತದೆ. “ಬೈಯೋರ ಬಗ್ಗೆ ನಂಗೆ ಭಯ ಇಲ್ಲ. ಬೈತಾರೆ, ಎರಡು ದಿನಕ್ಕೆ ಒಗ್ಗಿಕೊಳ್ತಾರೆ. ಸುಮ್ನಿರೋರು ಇದಾರಲ್ಲ, ಅವರೇ ನನ್ನ ನಿದ್ದೆ ಕೆಡಿಸೋದು.”

ಈ ಭಯಕ್ಕೆ ಬೇರಿದೆ. ಅಕ್ಕ ಮೊದಲು ಟೈಪಿಂಗ್ ಕಲಿಸುವ ಶಾಲೆಯೊಂದರಲ್ಲಿದ್ದವರು. ಅಲ್ಲೇ ಕಲಿತು ಅಲ್ಲೇ ಕಲಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಂದು ಬೆಳಿಗ್ಗೆ ಟೈಪಿಂಗ್ ಯಂತ್ರಗಳನ್ನೆಲ್ಲ ಗುಜರಿಯವನು ಗಾಡಿಗೆ ಹೇರಿಕೊಂಡು ಹೋದ. ಕೆಲವು ತಿಂಗಳ ಮೇಲೆ ಆ ಶಾಲೆಯ ಮೇಷ್ಟ್ರು ಅಂಗಡಿಯೊಂದರ ಬಾಗಿಲಲ್ಲಿ ಕಾವಲಿಗೆ ನಿಂತಿದ್ದನ್ನು ಅಕ್ಕ ಕಂಡರು. “ಮೇಷ್ಟ್ರು ನನ್ನ ನೋಡಿ ಸೆಲ್ಯೂಟ್ ಹೊಡೆದ್ರು. ತಮಾಷೆಗೆ. ನಾನು ಮನೆಗೆ ಬಂದು ಊಟ ಮಾಡ್ಲಿಲ್ಲ.” ಆಮೇಲೆ ಅಕ್ಕ ಈ ಆಸ್ಪತ್ರೆಗೆ ಟೈಪಿಸ್ಟಾಗಿ ಸೇರಿದರು, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದಾಗ ತಾತ್ಕಾಲಿಕವಾಗಿ ಈ ಕೋಣೆಗೆ ಬಂದರು. ಆ ತಾತ್ಕಾಲಿಕಕ್ಕೆ ಈಗ ಹದಿನಾಲ್ಕು ವರ್ಷ.

ಹನ್ನೊಂದರ ಹೊತ್ತಿಗೆ ಗಂಡ ಊಟದ ಡಬ್ಬಿ ತಂದುಕೊಡುತ್ತಾರೆ. ಶಾಲೆಯ ವ್ಯಾನ್ ಓಡಿಸುವವರು. ಎರಡು ಟ್ರಿಪ್ಪಿನ ನಡುವೆ ಓಡಿ ಬಂದಿದ್ದಾರೆ. “ಮೂರನೇ ದಿನ ಇದು, ಡಬ್ಬಿ ಮರೀತಿರೋದು. ನಿದ್ದೇಲೂ ರೀಸ್ಟಾರ್ಟ್ ಮಾಡಿ ಅಂತಾಳೆ. ನಾನು ಎದ್ದು ಕೂತ್ಕೊಂಡೆ, ನನಗೇ ಹೇಳ್ತಿದಾಳೇನೋ ಅಂತ.”

“ಅತ್ತೆ ಏನಂದ್ರು?”

“ಕಂಪ್ಯೂಟರಿಗೆ ಅಷ್ಟು ಆರೈಕೆ ಮಾಡೋ ಆಸ್ಪತ್ರೇಲಿ ನನ್ನ ಮಂಡಿ ಯಾಕೆ ವಾಸಿಯಾಗ್ಲಿಲ್ಲ ಅಂತ ಕೇಳಿದ್ಲು.”

ಅಕ್ಕ ನಗುತ್ತಾರೆ. ಡಬ್ಬಿ ತೆರೆಯುವುದಿಲ್ಲ.

ಊಟದ ಬದಲು ಬಂದದ್ದು ಆಡಳಿತಾಧಿಕಾರಿ. ಕೆಟ್ಟ ಮನುಷ್ಯರಲ್ಲ, ಆದರೆ ನಿಂತೇ ಮಾತಾಡುವವರು, ಕೂತರೆ ಕೆಲಸ ಅಂಟಿಕೊಳ್ಳುತ್ತದೆ ಎಂಬಂತೆ. “ಏನಮ್ಮ, ಒಂದೇ ಮಾತಲ್ಲಿ ಹೇಳು. ಇಟ್ಕೊಳ್ಳೋದಾ, ಹಿಂದಕ್ಕೆ ಹೋಗೋದಾ?”

“ಅರ್ಧ ಜನ ಹೊಗಳ್ತಾರೆ ಸರ್, ಅರ್ಧ ಜನ ಬೈತಾರೆ.”

“ಅಂದ್ರೆ ಚೆನ್ನಾಗಿದೆ ಅಂತಾಯ್ತು. ಎಲ್ಲರೂ ಬೈದ್ರೆ ಮಾತ್ರ ಯೋಚ್ನೆ ಮಾಡ್ಬೇಕು. ಟೆಲಿಫೋನ್ ರೂಮಲ್ಲಿ ಏನೂ ತೊಂದ್ರೆ ಇಲ್ವಲ್ಲ?”

ಅಕ್ಕ ಒಂದು ಕ್ಷಣ ಮೇಜಿನ ಅಂಚು ಹಿಡಿದುಕೊಳ್ಳುತ್ತಾರೆ. “ಅವರಿಂದ ದೂರು ಬಂದಿಲ್ಲ ಸರ್.”

“ಒಳ್ಳೇದು,” ಎಂದು ಅವರು ಹೊರಟೇಹೋಗುತ್ತಾರೆ. ಅಕ್ಕ ಬಾಗಿಲನ್ನೇ ನೋಡುತ್ತಾ ಕೂರುತ್ತಾರೆ. “ನಾನು ಹೇಳಿದ್ದು ಸುಳ್ಳಲ್ಲ,” ಎನ್ನುತ್ತಾರೆ. “ಆದ್ರೂ ಬಾಯಿ ತೊಳ್ಕೋಬೇಕು ಅನ್ಸುತ್ತೆ.”

ನಿನ್ನೆ ನಡೆದದ್ದು ಆಡಳಿತಾಧಿಕಾರಿಗೆ ಗೊತ್ತಿಲ್ಲ. ಮಧ್ಯಾಹ್ನ ಇಬ್ಬರು ಡಾಕ್ಟರು ಪಾಳಿ ಅದಲುಬದಲು ಮಾಡಿಕೊಂಡಿದ್ದರು. ಪರದೆಯಲ್ಲಿ ಅದು ಬಂದಿತ್ತು, ಚಾಡಿಕೋರ ಹೇಳಲಿಲ್ಲ. ಮಗುವಿಗೆ ಫಿಟ್ಸ್ ಬಂದಿದೆ ಎಂದು ಒಬ್ಬ ತಾಯಿ ಕರೆ ಮಾಡಿದಾಗ ಅಣ್ಣ ಬೆಳಿಗ್ಗೆ ಬಾಯಿಪಾಠ ಮಾಡಿದ ಡಾಕ್ಟರಿಗೇ ಜೋಡಿಸಿದರು. ಅತ್ತ ಕಡೆ ಖಾಲಿ ಕೋಣೆಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಅಣ್ಣನಿಗೆ ಅನುಮಾನ ಬಂದು ಬೇರೆ ಕಡೆ ಜೋಡಿಸಿದರು, ಮಗು ಉಳಿಯಿತು. ಯಾರೂ ಏನೂ ಕೇಳಲಿಲ್ಲ. ಅಣ್ಣ ಮಾತ್ರ ಸಂಜೆ ಮನೆಗೆ ಹೋಗುವಾಗ ದಿನವೂ ಇಳಿಯುವ ಮೆಟ್ಟಿಲಲ್ಲೇ ಎಡವಿದರು.

ಮೂರರ ಸುಮಾರಿಗೆ ಅಕ್ಕ ಎರಡು ಲೋಟ ಚಹಾ ಹಿಡಿದು ಟೆಲಿಫೋನ್ ಕೋಣೆಗೆ ಹತ್ತುತ್ತಾರೆ. ಲೋಟ ಮೇಜಿಗಿಡುವ ಮೊದಲೇ ಗಂಟೆ. ಅಣ್ಣ ಕರೆ ತೆಗೆದುಕೊಳ್ಳುತ್ತಾರೆ, ಕೀಲಿ ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ಚಾಡಿಕೋರನ ಬಾಯಿ ಬಿದ್ದುಹೋಗಿದೆ. ಅಣ್ಣನ ಮೇಲ್ದುಟಿಯಲ್ಲಿ ಬೆವರು. “ಒಂದು ಕ್ಷಣ ಇರಿ ಅಮ್ಮ, ಜೋಡಿಸ್ತಿದೀನಿ,” ಎನ್ನುವ ದನಿ ಮಾತ್ರ ಬೆಣ್ಣೆಯಷ್ಟು ಮೆದು. ಅಕ್ಕ ಬಗ್ಗಿ ಪರದೆ ನೋಡಿ ಅಣ್ಣನ ಕಿವಿಯಲ್ಲಿ ಹೆಸರು ಉಸುರುತ್ತಾರೆ. ಕರೆ ಸೇರಬೇಕಾದಲ್ಲಿಗೆ ಸೇರುತ್ತದೆ.

ಅಣ್ಣ ಅಂಗೈಯಿಂದ ಬೆವರು ಒರೆಸಿಕೊಳ್ಳುತ್ತಾರೆ.

“ನಾಳೆ ನಾನು ರಜೆ ಹಾಕಿದ್ರೆ ಅಣ್ಣ?”

“ಹಾಕ್ಬೇಡ.”

“ನನ್ನ ಅತ್ತೆ ಬಿದ್ದು ಕಾಲು ಮುರ್ಕೊಂಡ್ರೆ?”

“ಅವರಿಗೂ ಬೀಳ್ಬೇಡಿ ಅಂತ ಹೇಳು.”

“ತಮಾಷೆ ಬೇಡ ಅಣ್ಣ. ಐದು ಗಂಟೆ ಆದ್ಮೇಲೆ ನಾನು ತಲೆ ಕೆಳಗೆ ಮಾಡಿ ನಿಂತ್ರೂ ಹಳೇದು ಬರಲ್ಲ. ಮಾತು ಕೊಟ್ಟಿದೀನಿ, ನಾನು ಹೇಳಲ್ಲ. ನೀವೇ ಹೇಳ್ಬೇಕು.”

“ನೀನು ಹೋಗಮ್ಮ. ಕೆಳಗೆ ಫೋನು ಬಡ್ಕೊಳ್ತಿರುತ್ತೆ.”

ಅಕ್ಕ ಇಳಿದು ಬರುತ್ತಾರೆ. ಚಹಾ ಅಲ್ಲೇ ಉಳಿಯಿತು. ನೆಲಮಾಳಿಗೆಯಲ್ಲಿ ಫೋನು ನಿಜಕ್ಕೂ ಬಡಿದುಕೊಳ್ಳುತ್ತಿದೆ. ಗುಂಡಿಯನ್ನು ಎಡಕ್ಕೆ ಸರಿಸಿಕೊಡಿ ಎಂದು ಒಬ್ಬರು. ನಡುವಿನಲ್ಲೇ ಇರಲಿ, ಯಾರಾದರೂ ಸರಿಸಿದರೆ ಸುಮ್ಮನಿರುವುದಿಲ್ಲ ಎಂದು ಇನ್ನೊಬ್ಬರು. ಪ್ರತಿ ಸಲ ಗಂಟೆ ಬಾರಿಸಿದಾಗಲೂ ಅಕ್ಕ ಮೊದಲು ಯಾವ ಕೋಣೆಯ ಸಂಖ್ಯೆ ಎಂದು ನೋಡುತ್ತಾರೆ, ಭುಜ ಇಳಿಬಿಡುತ್ತಾರೆ, ಆಮೇಲೆ ಎತ್ತುತ್ತಾರೆ. ನಾಲ್ಕಾಯಿತು. ಮಾತು ಮುರಿಯಬೇಕೇ ಎಂದು ಕುರ್ಚಿಯಿಂದ ಏಳುತ್ತಾರೆ, ಬಾಗಿಲವರೆಗೆ ಹೋಗುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಮೇಷ್ಟ್ರ ಸೆಲ್ಯೂಟು ನೆನಪಾಯಿತೋ ಏನೋ, ಅಕ್ಕನ ಮುಖದಲ್ಲಿ ಬಣ್ಣವಿಲ್ಲ.

ಮತ್ತೆ ಗಂಟೆ. ಅಕ್ಕ ಸಂಖ್ಯೆ ನೋಡುತ್ತಾರೆ. ತಟ್ಟನೆ ಎತ್ತುತ್ತಾರೆ.

“ಸಹಾಯ ಕೇಂದ್ರವಾ?” ಅತ್ತ ಕಡೆ ಅಣ್ಣ, ಹೊರಗಿನವರೊಡನೆ ಮಾತಾಡುವ ಆ ಮೆದು ದನಿಯಲ್ಲಿ. “ನನ್ನ ಕಂಪ್ಯೂಟರು ಸರಿಯಾಗಿ ಓದಿ ಹೇಳ್ತಿಲ್ಲ. ಹಳೇದು ಹಾಕಿಕೊಡ್ಬೇಕು. ದೂರು ಬರ್ಕೊಳ್ಳಿ.”

“ಯಾವ ವಿಭಾಗ ಸರ್?”

“ಗೊತ್ತಿಲ್ವಾ ನಿಂಗೆ?”

“ಕೇಳ್ಬೇಕು ಸರ್. ನಿಯಮ.”

“ಟೆಲಿಫೋನ್ ರೂಮು. ನಿನ್ನೆ ಆ ತಾಯಿ ದನಿ ಕಿವಿಯಿಂದ ಹೋಗ್ತಿಲ್ಲಮ್ಮ. ನನ್ನ ಕೆಲಸ ಹೋದ್ರೆ ಹೋಗ್ಲಿ.”

ಅಕ್ಕ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾರೆ. ಐವತ್ತು ದಾಟಿದ ಹೆಂಗಸು ಹೀಗೆ ಓಡುವುದನ್ನು ಕಂಡು ವಾರ್ಡ್ ಬಾಯ್ ಒಬ್ಬ ಯಾರಿಗೆ ಏನಾಯಿತೋ ಎಂದು ಹಿಂದೆಯೇ ಓಡುತ್ತಾನೆ. ಆಡಳಿತಾಧಿಕಾರಿ ದೂರು ಕೇಳುತ್ತಾರೆ, ಅಣ್ಣನಿಗೆ ತಾವೇ ಫೋನ್ ಮಾಡುತ್ತಾರೆ. “ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?”

“ಹೆದರಿಕೆ ಇತ್ತು ಸರ್.”

ಅವರು ಅಕ್ಕನ ಮುಖ ನೋಡುತ್ತಾರೆ. ಸಹಿ ಹಾಕುತ್ತಾರೆ. “ಸದ್ಯಕ್ಕೆ ಹಳೇದೇ ಇರ್ಲಿ. ಮುಂದಿಂದು ಮುಂದೆ ನೋಡೋಣ,” ಎನ್ನುತ್ತಾರೆ. ಆ ಮುಂದಿನದು ಹೊಸ ಚಾಡಿಕೋರನೋ, ಒಂದು ಒತ್ತಿ ಎರಡು ಒತ್ತಿ ಯಂತ್ರವೋ, ಕೇಳುವ ಧೈರ್ಯ ಅಕ್ಕನಿಗೆ ಬರುವುದಿಲ್ಲ. ಕೇಳಿಕೊಂಡು ನಿಲ್ಲಲು ಹೊತ್ತೂ ಇಲ್ಲ.

ಟೆಲಿಫೋನ್ ಕೋಣೆಯ ಯಂತ್ರ ಹಿಂದಕ್ಕೆ ಹೋಗುವುದು ಆಮೆಯ ನಡಿಗೆ. ಪರದೆಯಲ್ಲಿ ಶೇಕಡಾ ಲೆಕ್ಕ ಏರುತ್ತದೆ, ನಿಲ್ಲುತ್ತದೆ, ನಿಂತೇ ಇರುತ್ತದೆ. ಅಷ್ಟು ಹೊತ್ತೂ ಅಕ್ಕ ಬೇರೊಂದು ಕಂಪ್ಯೂಟರಿನಿಂದ ಓದಿ ಹೇಳುತ್ತಾರೆ, ಅಣ್ಣ ಕರೆ ಜೋಡಿಸುತ್ತಾರೆ. ಐದಕ್ಕೆ ಸ್ವಲ್ಪ ಮೊದಲು ಪರದೆ ಕಪ್ಪಾಗುತ್ತದೆ. ಮತ್ತೆ ಬೆಳಗುತ್ತದೆ. ಅಣ್ಣ ಕೀಲಿ ಒತ್ತುತ್ತಾರೆ, ತಲೆ ವಾಲಿಸಿ ಕೇಳುತ್ತಾರೆ. ತುಟಿಯ ಒಂದು ಕೊನೆ ಮೇಲಕ್ಕೆ ಹೋಗುತ್ತದೆ.

“ಹೇಳ್ತಿದಾನೆ,” ಎನ್ನುತ್ತಾರೆ. “ಕೆಮ್ಮೋ ಡಾಕ್ಟ್ರು ಇವತ್ತೂ ಬೇಗ ಮನೆಗೆ ಹೋದ್ರಂತೆ.”

ಕೋಣೆಗೆ ಮರಳಿದ ಅಕ್ಕ ಕೊನೆಗೂ ಊಟದ ಡಬ್ಬಿ ತೆರೆಯುತ್ತಾರೆ. ಅನ್ನ ತಣ್ಣಗಾಗಿ ಗಟ್ಟಿಯಾಗಿದೆ. ನಿಮ್ಮ ಆಸೆ ಏನಕ್ಕ ಎಂದರೆ ತುತ್ತು ಹಿಡಿದೇ ಯೋಚಿಸುತ್ತಾರೆ. “ಆ ಮಂಜೂರಾತಿ ಬೇಗ ಬರ್ಲಿ. ಅಣ್ಣ ಅಲ್ಲೇ ಇದ್ದು ರಿಟೈರ್ ಆಗ್ಲಿ. ಅದಾದ್ಮೇಲೆ ಯಾವ ಬಣ್ಣ ಹಾಕ್ತೀರೋ ಹಾಕ್ಕೊಳ್ಳಿ.”

ತುತ್ತು ಬಾಯಿಗೆ ಹೋಗುವ ಮೊದಲೇ ಫೋನು. ಟೆಲಿಫೋನ್ ರೂಮು. ಅಕ್ಕ ತುತ್ತನ್ನು ಡಬ್ಬಿಗೆ ಹಾಕಿ ಎತ್ತುತ್ತಾರೆ. “ಏನಾಯ್ತು ಅಣ್ಣ, ಮತ್ತೆ ನಿಂತುಹೋಯ್ತಾ?”

“ಇಲ್ಲಮ್ಮ, ಅವನು ಚೆನ್ನಾಗಿದಾನೆ. ಇನ್ನೊಂದು ದೂರಿದೆ. ನನ್ನ ತಲೆ ಮೇಲಿರೋ ಫ್ಯಾನು ಕಟಕಟ ಅನ್ನುತ್ತೆ. ಎಂಟು ವರ್ಷದಿಂದ.”

“ಫ್ಯಾನು ನನ್ನ ವಿಭಾಗ ಅಲ್ಲ ಅಣ್ಣ.”

“ಗೊತ್ತು. ಆದ್ರೂ ಬರ್ಕೋ.”

ಅಕ್ಕ ಎಡಗೈಯಿಂದ ಡಬ್ಬಿ ಆಚೆ ಸರಿಸಿ ಬರೆದುಕೊಳ್ಳುತ್ತಾರೆ. “ಬೇರೇನಾದ್ರೂ ಇದೆಯಾ ಸರ್?” ಎಂದು ಕೇಳಿ, ಪೆನ್ನು ಕೆಳಗಿಡದೆ ಕಾಯುತ್ತಾರೆ.