ಮುಂಗಡ ವರದಿ

ಕಚೇರಿಯಲ್ಲಿ ಎಲ್ಲರೂ ಅವನನ್ನು ಚಪ್ಪಾಳೆ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಅವನ ಒಂದು ವರದಿಯೂ ‘ಭಾರೀ ಚಪ್ಪಾಳೆಯ ನಡುವೆ’ ಎಂಬ ಮಾತಿಲ್ಲದೆ ಮುಗಿದದ್ದಿಲ್ಲ. ಆ ಚಪ್ಪಾಳೆಯನ್ನು ಅವನು ಕೇಳಿದ್ದು ಮಾತ್ರ ಅಪರೂಪ. ಪುಟ ಸಂಜೆ ಆರಕ್ಕೆ ಮುಗಿಯಬೇಕು, ಸಭೆ ಶುರುವಾಗುವುದು ಏಳಕ್ಕೆ. ಹಾಗಾಗಿ ಆಹ್ವಾನ ಪತ್ರಿಕೆ ಮುಂದಿಟ್ಟುಕೊಂಡು ಮಧ್ಯಾಹ್ನವೇ ಸಭೆ ನಡೆಸಿ ಮುಗಿಸಿಬಿಡುತ್ತಿದ್ದ. ಒಮ್ಮೆ ಬಾರದ ಅತಿಥಿಯಿಂದ ಮುಕ್ಕಾಲು ಗಂಟೆ ಭಾಷಣ ಮಾಡಿಸಿದ್ದ. ಮರುದಿನ ಆ ಅತಿಥಿಯೇ ಫೋನ್ ಮಾಡಿ, ತಮ್ಮ ಮಾತು ಚೆನ್ನಾಗಿ ಬಂದಿದೆ ಎಂದು ಥ್ಯಾಂಕ್ಸ್ ಹೇಳಿದ್ದರು.

ಇಂಥವನನ್ನು ಸಂಪಾದಕರು ಅಭಿವೃದ್ಧಿಶೀಲ ದೇಶಗಳ ಪತ್ರಕರ್ತರಿಗಾಗಿ ನಡೆಯುವ ಮೂರು ವಾರದ ವಿದೇಶಿ ತರಬೇತಿಗೆ ಕಳಿಸಿದರು. ತನ್ನ ಅರ್ಹತೆ ಏನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಅವಧಿ ಮುಗಿಯದ ಪಾಸ್‌ಪೋರ್ಟ್ ಇದ್ದವನು ಕಚೇರಿಯಲ್ಲಿ ಅವನೊಬ್ಬನೇ. ಆದರೆ ಕಾಗದಪತ್ರ ಓದುತ್ತ ಒಂದು ಸಾಲಿನ ಕೆಳಗೆ ಗೆರೆ ಎಳೆದ. ತರಬೇತಿಗೆ ಬರುವ ಹನ್ನೆರಡು ಮಂದಿಯಲ್ಲಿ ಒಬ್ಬರನ್ನು ಆರಿಸಿ, ಅಲ್ಲಿನ ದೊಡ್ಡ ಪತ್ರಿಕೆಯವರು ಆರು ತಿಂಗಳು ಅವರ ಜೊತೆಗೂಡಿ ಒಂದು ತನಿಖಾ ವರದಿ ಮಾಡುತ್ತಾರಂತೆ. ತನ್ನ ಊರಿನ ನಲ್ಲಿಗಳಲ್ಲಿ ನಿಜವಾಗಿ ಏನು ಬರುತ್ತಿದೆ ಎಂದು ಬರೆಯುವ ಆಸೆ ಅವನಿಗೆ ಎರಡು ವರ್ಷದಿಂದ ಇತ್ತು. ಅದಕ್ಕೆ ಯಾರೂ ಆಹ್ವಾನ ಪತ್ರಿಕೆ ಕಳಿಸಿರಲಿಲ್ಲ, ಅಷ್ಟೇ. ಕಣ್ಣಾರೆ ಕಂಡು ಬರೆದ ಸುದ್ದಿ ಒಂದಾದರೂ ತನ್ನ ಹೆಸರಲ್ಲಿ ಬರಲಿ ಎಂದು ಅವನು ಬಹಳವಾಗಿ ಬಯಸಿದ.

ಹುಟ್ಟುಗುಣ ಸುಟ್ಟರೂ ಹೋಗದು. ಹೊರಡುವ ಹಿಂದಿನ ದಿನವೇ ತರಬೇತಿಯ ಸಮಾರೋಪದ ವರದಿ ಬರೆದು ಪುಟ ಕಟ್ಟುವ ಉಪಸಂಪಾದಕನ ಕೈಗಿಟ್ಟ. ಅದರಲ್ಲಿ ‘ನಮ್ಮ ಹಿರಿಯ ವರದಿಗಾರರು’ ಆಯ್ಕೆಯಾಗಿ, ಹೂಗುಚ್ಛ ಪಡೆದು, ನಾಲ್ಕು ಮಾತೂ ಆಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸಮಾರೋಪ ಮೂರನೆಯ ವಾರದ ಶನಿವಾರ; ಅಂದು ತಾನು ಫೋನ್ ಮಾಡಿದ ಮೇಲಷ್ಟೇ ಹಾಕು ಎಂದು ಹೇಳಿ ವಿಮಾನ ಹತ್ತಿದ.

ಮೊದಲ ವಾರವೆಲ್ಲ ಉದ್ದ ಮೇಜಿನ ಮುಂದೆ ಕೂತು ಆಕಳಿಕೆ ನುಂಗಿದ್ದೇ ಆಯಿತು. ಎರಡನೆಯ ವಾರ ದಾಖಲೆ ಕೇಳಿ ಪಡೆಯುವುದು ಹೇಗೆ, ಪರೀಕ್ಷೆಗೆ ನೀರು ಹಿಡಿಯುವುದು ಹೇಗೆ ಎಂದು ಕಲಿಸಿದಾಗ ಮೈ ಚುರುಕಾಯಿತು. ನಲ್ಲಿ ನೀರಿನ ತನಿಖೆಗೆ ಅವನು ಬರೆದ ಯೋಜನೆಯನ್ನು ತರಬೇತಿ ಕೊಡುತ್ತಿದ್ದ ಹಿರಿಯ ಸಂಪಾದಕಿ ಎರಡು ಸಲ ಓದಿ, ಇದು ಆಯ್ಕೆಯಾಗಬಹುದು ಎಂದರು. ಅವತ್ತು ಅವನಿಗೆ ಊಟ ರುಚಿಸಲಿಲ್ಲ, ಸಂತೋಷಕ್ಕೆ.

ಮೂರನೆಯ ವಾರದ ಗುರುವಾರ ಕೊನೆಯ ಪಾಠ. ಒಬ್ಬರ ಪತ್ರಿಕೆಯ ಅಂದಿನ ಸುದ್ದಿಯೊಂದನ್ನು ಇನ್ನೊಬ್ಬರು ಪರಿಶೀಲಿಸಬೇಕು. ಅವನ ಪತ್ರಿಕೆ ಪಕ್ಕದ ಕುರ್ಚಿಯ ರೇಡಿಯೊ ವರದಿಗಾರ್ತಿಯ ಪಾಲಿಗೆ ಬಂತು. ಆಕೆ ಬೇರೊಂದು ದೇಶದವಳು. ಫೋನಿನಲ್ಲೇ ಅನುವಾದಿಸಿಕೊಂಡು ಓದಿ, ಅನುಮಾನದಿಂದ ಅವನ ಮುಖ ನೋಡಿದಳು.

“ಇವತ್ತು ಗುರುವಾರ ತಾನೇ?”

ಊರಿನಲ್ಲಿ ಯಾವುದೋ ಜಾಹೀರಾತು ಕೈಕೊಟ್ಟು ಮೂರನೆಯ ಪುಟದಲ್ಲಿ ಜಾಗ ಖಾಲಿ ಬಿದ್ದಿತ್ತು. ಉಪಸಂಪಾದಕ ಕೈಗೆ ಸಿಕ್ಕಿದ ಆ ಸಮಾರೋಪದ ವರದಿಯನ್ನೇ ತುಂಬಿದ್ದ. ಆಕೆ ಗಟ್ಟಿಯಾಗಿ ಓದುತ್ತ ಹೋದಳು. ಭಾರೀ ಚಪ್ಪಾಳೆಯ ಸಾಲು ಬಂದಾಗ ಇಡೀ ಕೋಣೆ ನಿಜವಾಗಿಯೇ ಚಪ್ಪಾಳೆ ತಟ್ಟಿತು. ತನ್ನ ವರದಿಯಲ್ಲಿ ಅದೊಂದು ಮಾತಾದರೂ ಸುಳ್ಳಾಗಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಎದ್ದು ನಿಂತು, ಆಹ್ವಾನ ಪತ್ರಿಕೆಯ ಕಥೆಯನ್ನೆಲ್ಲ ಬಾಯಿಬಿಟ್ಟ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸಂಪಾದಕಿ ನಗಲಿಲ್ಲ.

“ನಾಳೆ ನೀವು ನೀರಿನ ಬಗ್ಗೆ ನಿಜಾನೇ ಬರೀಬಹುದು,” ಎಂದರು. “ಯಾರು ನಂಬ್ತಾರೆ?”

ಶನಿವಾರ ರೇಡಿಯೊ ವರದಿಗಾರ್ತಿ ಆಯ್ಕೆಯಾದಳು. ಕೋಣೆಗೆ ಬಂದು ಪೆಟ್ಟಿಗೆ ಕಟ್ಟುತ್ತಿರುವಾಗ ಹೆಂಡತಿಯ ಫೋನ್ ಬಂತು. ಗುರುವಾರದ ಪೇಪರನ್ನು ಬೀದಿಗೆಲ್ಲ ತೋರಿಸಿದ್ದಾಳೆ, ಅಣ್ಣನಿಗೂ ಓದಿ ಹೇಳಿದ್ದಾಳೆ. ಅವಳ ಸಂಭ್ರಮ ಕೇಳಿ ಅವನು ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟ. ಆಯ್ಕೆಯಾದದ್ದು ತಾನಲ್ಲ ಎಂದ.

“ಪೇಪರಲ್ಲೇ ಬಂದಿದೆಯಲ್ರೀ.”

“ಅದನ್ನ ಬರೆದೋನು ನಾನೇ ಕಣೆ. ಹೊರಡೋಕೆ ಮುಂಚೆ.”

ಅವಳಿಗೆ ಅರ್ಥವಾಗಲಿಲ್ಲ. ನೋಡದೆ ಹೇಗೆ ಬರೆಯುತ್ತಾರೆ ಎಂದು ಕೇಳಿದಳು. ಸಮಾರಂಭಗಳನ್ನೆಲ್ಲ ತಾನು ಹಾಗೆಯೇ ಬರೆಯುವುದು, ಆಹ್ವಾನದ ಕಾರ್ಡು ನೋಡಿಕೊಂಡು, ಎಂದು ಆದಷ್ಟು ತಮಾಷೆಯಾಗಿ ಹೇಳಿದ. ಅವಳು ನಗಲಿಲ್ಲ.

“ಮತ್ತೆ ಆ ನೀರು ಶುದ್ಧಿ ಮಾಡೋ ಘಟಕದ ಉದ್ಘಾಟನೆ? ಇನ್ಮೇಲೆ ನಲ್ಲಿ ನೀರು ಹಾಗೇ ಕುಡೀಬಹುದು ಅಂತ ಬರೆದಿದ್ರಲ್ಲ, ಅದು?”

ಅದೂ ಕಾರ್ಡು ನೋಡಿಯೇ ಬರೆದದ್ದು. ಆ ಘಟಕದ ಬಾಗಿಲಿಗೂ ಅವನು ಹೋಗಿರಲಿಲ್ಲ. ಯಂತ್ರ ತಿರುಗಿಯೇ ಇಲ್ಲ ಎಂಬ ಗುಸುಗುಸು ಆಮೇಲೆ ಕಿವಿಗೆ ಬಿದ್ದಿತ್ತು. ಮನೆಯಲ್ಲಿ ಬಾಯಿಬಿಡಲು ನಾಚಿಕೆಯಾಗಿತ್ತು.

“ಅವತ್ತಿಂದ ನಾನು ನೀರು ಕಾಯಿಸೋದೇ ಬಿಟ್ಟಿದ್ದೀನಿ,” ಎಂದಳು. “ಮಗಳಿಗೂ ಅದೇ ಕೊಡ್ತಿದ್ದೀನಿ. ನೀವೇ ಬರೆದಿದ್ದೀರಲ್ಲ ಅಂತ.”

“ಕಾಯಿಸು,” ಎಂದ. “ಫೋನ್ ಇಡು. ಮೊದ್ಲು ಹೋಗಿ ನೀರು ಒಲೆ ಮೇಲಿಡು.”