ಇರದ ಮಗುವಿನ ಪಾಲು

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ತನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತೆಂದು ಏಳು ವರ್ಷ ನಂಬಿದ್ದಳು. ಅಂಥದೊಂದು ಮಗು ಇರಲೇ ಇಲ್ಲ. ಅದು ನನಗೆ ಗೊತ್ತಿತ್ತು. ಅವಳು ಇನ್ನೂ ಅಳುತ್ತಿದ್ದ ದಿನಗಳಲ್ಲೇ ಗೊತ್ತಾಗಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

ಈಗ ಅವಳಿಗೆ ಹೇಳಿಯಾಗಿದೆ. ಅವಳು ಒಪ್ಪಿದ ಮೇಲೆಯೇ ಇದನ್ನು ಬರೆಯಲು ಕೂತಿದ್ದೇನೆ. "ಬರಿ. ಆದ್ರ ನಿನ್ನ ಸಲುವಾಗಿ ಏನೂ ಕಮ್ಮಿ ಮಾಡಿ ಬರೀಬ್ಯಾಡ" ಎಂದಿದ್ದಾಳೆ.

ಆಗ ನನಗೆ ಇಪ್ಪತ್ತೊಂಬತ್ತು. ಕಮಲಾಪುರದ ಮನೆಯಲ್ಲಿ ಅವ್ವ, ಬಾಳೆಹಣ್ಣಿನ ವ್ಯಾಪಾರ ಮಾಡುವ ಅಣ್ಣ, ಅಣ್ಣನ ಹೆಂಡತಿ ಮಹಾನಂದಾ ಮತ್ತು ನಾನು. ವೈನಿ ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಹೀಗಾಗಿ ನಮ್ಮಿಬ್ಬರಲ್ಲಿ ಮೊದಲಿನಿಂದಲೂ ಏಕವಚನ. ನಾನು ದಿನಾ ಬಸ್ಸು ಹಿಡಿದು ಕಲಬುರಗಿಗೆ ಹೋಗಿ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹತ್ತನೇ ತರಗತಿಗೆ ಹಾರ್ಮೋನುಗಳ ಪಾಠ ಮಾಡುತ್ತಿದ್ದವಳೂ ನಾನೇ — ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹರೆಯದಲ್ಲಿ ಬಂದು ಹೋಗಬೇಕಾದ ಮೊಡವೆ ನನಗೆ ಇಪ್ಪತ್ತೇಳರಲ್ಲಿ ಶುರುವಾಗಿತ್ತು. ದವಡೆಯ ಗುಂಟ, ಗದ್ದದ ಕೆಳಗೆ, ಒಳಗಿನಿಂದ ಗಂಟು ಕಟ್ಟಿಕೊಂಡು ಬರುವಂಥವು. ಬೇವಿನ ಎಲೆ ಅರೆದು ಹಚ್ಚಿದೆ, ಮುಲ್ತಾನಿ ಮಿಟ್ಟಿ ಹಚ್ಚಿದೆ, ಕರಿದದ್ದು ಬಿಟ್ಟೆ. ಏನೂ ಆಗಲಿಲ್ಲ. ಹೆಣ್ಣು ನೋಡಲು ಬಂದ ಒಬ್ಬ ಹಿರಿಯರು ನನ್ನ ಎದುರೇ ಅವ್ವನನ್ನು ಕೇಳಿದರು, "ಮಾರಿ ಮ್ಯಾಲಿಂದು ಹೋಗ್ತದೇನ್ರಿ, ಹಿಂಗೇ ಇರ್ತದೋ?" ಗೋಡೆಯ ಕಲೆಯ ಬಗ್ಗೆ ಕೇಳಿದ ಹಾಗೆ. ಅದಕ್ಕಿಂತ ಹೆಚ್ಚು ನೋವಾದದ್ದು ತರಗತಿಯಲ್ಲಿ. ಮಕ್ಕಳ ಕಡೆ ತಿರುಗಿ ಪಾಠ ಮಾಡುವುದನ್ನೇ ನಿಲ್ಲಿಸಿಬಿಟ್ಟಿದ್ದೆ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ ಇರುತ್ತಿದ್ದೆ, ಬರೆಯುವುದು ಇರಲಿ ಬಿಡಲಿ.

ಕೊನೆಗೆ ಕಲಬುರಗಿಯಲ್ಲಿ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಹೆಣ್ಣುಮಗಳು, ಅವಸರ ಇಲ್ಲದವರು. ನನ್ನ ತಿಂಗಳ ಲೆಕ್ಕ ಏರುಪೇರು ಎಂದು ತಿಳಿದ ಮೇಲೆ, ಇದಕ್ಕೆ ಹಾರ್ಮೋನಿನ ಗುಳಿಗೆ ಕೆಲಸ ಮಾಡಬಹುದು ಎಂದರು. ಆಮೇಲೆ ಒಂದೊಂದೇ ಪ್ರಶ್ನೆ ಕೇಳಿದರು.

"ಅರ್ಧತಲಿನೋವು ಅದ ಏನ್ರಿ? ಕಣ್ಣ ಮುಂದ ಮಿಂಚು ಬಂದಂಗ ಆಗ್ತದೇನು? ಬಿಪಿ? ಮನ್ಯಾಗ ಯಾರಿಗರೆ ಕಾಲಾಗ ರಕ್ತ ಹೆಪ್ಪುಗಟ್ಟಿತ್ತೇನು?"

ಎಲ್ಲದಕ್ಕೂ ಇಲ್ಲ ಎಂದೆ. ಬಿಪಿ ನೋಡಿದರು. ಆಮೇಲೆ ಬೆರಳು ಮಡಚುತ್ತ ಹೇಳಿದರು: ಮೂರು ತಿಂಗಳು ತಾಳಬೇಕು, ಮೊದಮೊದಲು ವಾಕರಿಕೆ ಬರಬಹುದು, ಎದೆ ಭಾರ ಎನಿಸಬಹುದು, ನಡುನಡುವೆ ರಕ್ತ ಕಾಣಿಸಬಹುದು. ರಕ್ತ ಹೆಪ್ಪುಗಟ್ಟುವುದು ಅಪರೂಪ, ಆದರೂ ಹೇಳದೆ ಇರಲಾರೆ. ನುಂಗುವಷ್ಟು ದಿನ ಬಸಿರು ನಿಲ್ಲುವುದಿಲ್ಲ. "ಲಾಭ ಎಷ್ಟು, ತ್ರಾಸ ಎಷ್ಟು, ಮನಿಗಿ ಹೋಗಿ ಕುಂತು ವಿಚಾರ ಮಾಡ್ರಿ. ನಿಮ್ಮ ಮೈ, ನೀವೇ ಹೇಳಬೇಕು."

ನಾನು ವಿಚಾರ ಮಾಡಿದೆ. ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಲಾಭ, ಒಂದು ಕಡೆ ತ್ರಾಸು ಬರೆದೆ. ತ್ರಾಸಿನ ಪಟ್ಟಿಯೇ ಉದ್ದವಾಯಿತು. ಲಾಭದ ಕಡೆ ಒಂದೇ ಸಾಲು: ಮಕ್ಕಳ ಕಡೆ ತಿರುಗಿ ಪಾಠ ಮಾಡಬಹುದು. ನನಗೆ ಅಷ್ಟು ಸಾಕಾಗಿತ್ತು. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ತಪ್ಪು ಆಮೇಲಿನದು.

ಆ ಗುಳಿಗೆಯನ್ನು ನಮ್ಮ ಕಡೆ ಜನ ಗುರುತಿಸುವುದು ಕುಟುಂಬ ಯೋಜನೆಯ ಗುಳಿಗೆ ಎಂದು. ಮದುವೆಯಾಗದ ಹುಡುಗಿಯ ಚೀಲದಲ್ಲಿ ಅದರ ಸ್ಟ್ರಿಪ್ಪು ಸಿಕ್ಕರೆ — ಕಮಲಾಪುರದಂಥ ಊರಲ್ಲಿ — ನಾನು ಮೊಡವೆಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಓಣಿ ತನ್ನ ಕಥೆ ಕಟ್ಟಿಯಾಗಿರುತ್ತಿತ್ತು. ಹಾಗಾಗಿ ಮೂರು ತಿಂಗಳಿನದನ್ನು ಒಟ್ಟಿಗೇ ತಂದು, ಕಲಬುರಗಿಯಲ್ಲೇ ಸ್ಟ್ರಿಪ್ಪಿನಿಂದ ಬಿಡಿಸಿ, ಕಬ್ಬಿಣಾಂಶದ ಗುಳಿಗೆಯ ಒಂದು ಖಾಲಿ ಡಬ್ಬಿಗೆ ತುಂಬಿದೆ. ಮನೆಯಲ್ಲಿ ಯಾರು ಕೇಳಿದರೂ ರಕ್ತದ ಗುಳಿಗೆ ಎನ್ನುತ್ತಿದ್ದೆ. ಮೂರು ತಿಂಗಳಾದ ಮೇಲೆ ಮತ್ತೆ ಹಾಗೆಯೇ ತುಂಬಿದೆ.

ಅಷ್ಟರಲ್ಲಿ ಮುಖ ತಿಳಿಯಾಗಿತ್ತು. ಡಾಕ್ಟರು ಹೇಳಿದ ವಾಕರಿಕೆ ಮೊದಲ ತಿಂಗಳು ಕಾಡಿ ಹೋಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಬೆಳಕಿಗೆ ಮುಖ ಕೊಟ್ಟು ಕೂರುತ್ತಿದ್ದೆ. ಎಷ್ಟು ಸಂತೋಷವಾಗಿದ್ದೆ ಎಂದರೆ —

ಒಂದು ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ವೈನಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ನೋಡ್ರಿ ಅತ್ತಿ, ಹ್ಯಾಂಗ ಕಳಿ ಬಂದದ ಇಕಿಗಿ! ನಂಗೂ ರಕ್ತ ಕಮ್ಮಿ ಅದ ಅಂತ ನರ್ಸಬಾಯಿ ಅಂದಾಳ. ನಿನ್ನ ಗುಳಿಗಿ ನಾನೂ ತಗೊಂಡ್ರ ನಡೀತದೇನು?"

ಅವ್ವ ನನ್ನನ್ನೇ ನೋಡುತ್ತಿದ್ದಳು. ಅಣ್ಣನೂ ಬಸಿ ಕೆಳಗಿಟ್ಟು ನೋಡಿದ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾನು ಹೇಳಿದೆ:

"ತಗೋ ವೈನಿ. ಏನೂ ಆಗಲ್ಲ."

ಮದುವೆಯಾಗಿ ಮೂರು ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದವಳ ಕೈಗೆ ಮಗು ಆಗದಂತೆ ತಡೆಯುವ ಗುಳಿಗೆ ಕೊಟ್ಟೆ. ಅವಳು ಡಬ್ಬಿಯಿಂದ ಒಂದು ಹಿಡಿ ಸುರುವಿಕೊಂಡು ತನ್ನ ಸಣ್ಣ ಸ್ಟೀಲಿನ ಡಬ್ಬಿಗೆ ಹಾಕಿಕೊಂಡಳು. ಅವಳಿಗೆ ಬಿಪಿ ಇದೆಯೇ, ಅರ್ಧತಲೆನೋವು ಇದೆಯೇ — ನನಗೆ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನೂ ಅವಳಿಗೆ ಯಾರೂ ಕೇಳಿರಲಿಲ್ಲ. ನಾನು ಕೇಳಬಹುದಿತ್ತು. ಅವಳಿಗೆ ಆಗಾಗ ತಲೆ ನೋಯುತ್ತಿತ್ತು ಎಂಬುದಂತೂ ನನಗೆ ಗೊತ್ತೇ ಇತ್ತು.

ಮರುದಿನ ಕಲಬುರಗಿಯಲ್ಲಿ ನಿಜವಾದ ಕಬ್ಬಿಣದ ಗುಳಿಗೆ ಕೊಂಡೆ, ಬದಲಿಸಿಡೋಣ ಎಂದು. ಅವು ದೊಡ್ಡವು, ಕೆಂಪು. ನನ್ನವು ಸಣ್ಣವು, ತಿಳಿ ಹಳದಿ. ವೈನಿ ಕೇಳಿದರೆ ಏನು ಹೇಳುವುದು? ಬೇರೆ ಕಂಪನಿಯದು ಎಂದಿದ್ದರೆ ಮುಗಿದುಹೋಗುತ್ತಿತ್ತು! ಅಷ್ಟು ಸಣ್ಣ ಸುಳ್ಳು ಹೊಳೆಯಲಿಲ್ಲವೋ, ಹೊಳೆದರೂ ನಾಳೆ ಎಂದು ಬಿಟ್ಟೆನೋ. ಆ ಕೆಂಪು ಗುಳಿಗೆಗಳು ನನ್ನ ಚೀಲದಲ್ಲಿ ದಿನಾ ಕಲಬುರಗಿಗೆ ಹೋಗಿ ದಿನಾ ವಾಪಸು ಬಂದವು. ಪ್ರತಿ ಬೆಳಿಗ್ಗೆ ವೈನಿಯ ಮುಖ ನೋಡುತ್ತಿದ್ದೆ. ನಡೆಯುತ್ತಿದ್ದಾಳೆ, ರೊಟ್ಟಿ ಬಡಿಯುತ್ತಿದ್ದಾಳೆ, ನಗುತ್ತಿದ್ದಾಳೆ — ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತುತ್ತಿದ್ದೆ.

ಅವಳಿಗೆ ವಾಕರಿಕೆ ಶುರುವಾಯಿತು. ಎದೆ ಭಾರ ಎಂದಳು. ನಡುವೆ ನಿಲ್ಲಿಸದೆ ದಿನಾ ನುಂಗಿದ್ದರಿಂದ ತಿಂಗಳಿನದೂ ಬರಲಿಲ್ಲ. ಅವ್ವ ದಿನ ಎಣಿಸಿ, ನೆಟಿಕೆ ಮುರಿದು ದೃಷ್ಟಿ ತೆಗೆದಳು. ಅಣ್ಣ ಅಂಗಡಿಯಿಂದ ಪೇಡೆ ತಂದ. ಊರಿನ ಮೆಡಿಕಲ್ ಅಂಗಡಿಯವನು ಅಣ್ಣನ ಗೆಳೆಯ, ಬಸಿರು ಪರೀಕ್ಷೆಯ ಪಟ್ಟಿ ಕೇಳಲು ಅಣ್ಣನಿಗೆ ನಾಚಿಕೆ. ಸೋಮವಾರ ಕಲಬುರಗಿಯ ದವಾಖಾನೆಗೇ ಹೋದರಾಯಿತು ಎಂದರು. "ಈಗ ಬ್ಯಾರೆ ಯಾವ ಗುಳಿಗೀನೂ ಮುಟ್ಟಬ್ಯಾಡ" ಎಂದು ಅವ್ವ ಹೇಳಿದಳು. ವೈನಿ ನಿಲ್ಲಿಸಿದಳು.

ಗುಳಿಗೆ ನಿಲ್ಲಿಸಿದ ಮೂರನೇ ದಿನ, ಶನಿವಾರ, ರಕ್ತ ಬಂತು. ಹಿಂದಿನ ದಿನ ಅಣ್ಣನ ಟೆಂಪೋ ಬಂದಾಗ ವೈನಿ ಕೆಂಪು ಬಾಳೆಯ ಒಂದು ಗೊನೆ ಎತ್ತಿ ಒಳಗಿಟ್ಟಿದ್ದಳು. ಅವ್ವನಿಗೆ ಅಷ್ಟೇ ಸಾಕಾಯಿತು. "ಗೊನಿ ಎತ್ತಿದಿ, ಹೋಯ್ತು." ದವಾಖಾನೆಗೂ ಹೋಗಲಿಲ್ಲ. ಹೋದದ್ದಕ್ಕೆ ಡಾಕ್ಟರು ಏನು ಮಾಡುತ್ತಾರೆ ಎಂದರು. ವೈನಿ ಗೋಡೆಗೆ ಮುಖ ಮಾಡಿ ಮಲಗಿ ಅಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತ ಕೂತಿದ್ದೆ. ಹೌದು, ಬೆನ್ನು ಸವರುತ್ತ.

ಆ ವಾರವೇ ನನ್ನ ಡಾಕ್ಟರ ಬಳಿ ಹೋಗಿ, ಗೆಳತಿಯೊಬ್ಬಳಿಗೆ ಹೀಗಾಗಿದೆ ಎಂದು ಕೇಳಿದೆ. ಅವರು ಎಲ್ಲ ಕೇಳಿಕೊಂಡು, "ಅದು ಬಸಿರಲ್ಲ. ಗುಳಿಗಿ ನುಂಗಿದ್ದಕ್ಕ ನಿಂತಿತ್ತು, ಬಿಟ್ಟಿದ್ದಕ್ಕ ಬಂತು. ಮುಂದ ಮಕ್ಕಳಾಗಾಕ ಏನೂ ಅಡ್ಡಿ ಇಲ್ಲ. ಮೊದಲು ಆಕಿಗಿ ಹೇಳ್ರಿ, ಕೂಸು ಹೋಯ್ತಂತ ಹಲಬ್ತಿರತಾಳ" ಎಂದರು.

ಹೇಳಲಿಲ್ಲ. ವೈನಿಯ ಸ್ಟೀಲಿನ ಡಬ್ಬಿಯಲ್ಲಿ ಉಳಿದಿದ್ದ ಗುಳಿಗೆಗಳನ್ನು ಎತ್ತಿ ಬಚ್ಚಲಿಗೆ ಸುರಿದೆ. ಮುಂದಿನ ವರ್ಷ ನನ್ನ ಮದುವೆಯಾಗಿ ಕಲಬುರಗಿಗೆ ಬಂದೆ. ಮದುವೆಗೆ ಮುಂಚೆ ಗಂಡನಿಗೆ ಗುಳಿಗೆಯ ವಿಷಯ ಹೇಳಿದೆ. ಅವರು "ಹೌದಾ, ಈಗ ಮೊಡವಿ ಕಮ್ಮಿ ಆಗ್ಯಾವಲ್ಲ" ಎಂದು ಬೇರೆ ಮಾತಿಗೆ ಹೋದರು. ಯಾವ ಮಾತಿಗೆ ನಾನು ಅಷ್ಟು ಹೆದರಿದ್ದೆನೋ ಅದು ಎರಡು ನಿಮಿಷದಲ್ಲಿ ಮುಗಿದಿತ್ತು! ಆಗಲಾದರೂ ವೈನಿಗೆ ಹೇಳಬಹುದಿತ್ತು. ಆಮೇಲೆ ಅವಳಿಗೆ ಸೃಷ್ಟಿ ಹುಟ್ಟಿದಳು. ಇನ್ನು ಹಳೆಯದನ್ನು ಕೆದಕುವುದೇಕೆ ಎಂದುಕೊಂಡೆ. ಆದರೆ ಯಾರಾದರೂ ಎಷ್ಟನೆಯದು ಎಂದು ಕೇಳಿದರೆ ವೈನಿ "ಎರಡನೇದ್ರಿ, ಮೊದಲಿಂದು ನಿಲ್ಲಲಿಲ್ಲ" ಎನ್ನುತ್ತಿದ್ದಳು. ಅವ್ವ ಅಲ್ಲೇ ಕೂತು "ಗೊನಿ ಎತ್ತಿದ್ಲು" ಎಂದು ಸೇರಿಸುತ್ತಿದ್ದಳು. ಕಳೆದ ಏಳು ವರ್ಷದಲ್ಲಿ ಗೊನೆಯ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ಈ ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೋಗಿದ್ದೆ. ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹಾಕುವುದು ನಮ್ಮಲ್ಲಿ ರೂಢಿ. ಈ ಸಲ ಐದು ವರ್ಷದ ಸೃಷ್ಟಿಯ ಕೈಯಲ್ಲಿ ಬಟ್ಟಲು ಕೊಟ್ಟಿದ್ದರು. "ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಜ್ಜಿ ಪಾಲು, ಅತ್ತಿ ಪಾಲು" ಎಂದು ಒಂದೊಂದೇ ಹನಿ ಬಿಟ್ಟಳು. ಆಮೇಲೆ ಇನ್ನೊಂದು ಹನಿ ಬಿಟ್ಟು "ಅಣ್ಣನ ಪಾಲು" ಎಂದಳು.

ಅವಳಿಗೆ ಅಣ್ಣನಿಲ್ಲ. "ಯಾವ ಅಣ್ಣನವಾ?" ಎಂದೆ.

"ನಾ ಬರೂಕಿಂತ ಮೊದಲ ಹೋಗ್ಯಾನಲ್ಲ, ಅಂವ. ಅವ್ವ ದರಾ ವರ್ಷ ಹಾಕ್ತಾಳ, ಮನಸಿನಾಗ. ಈ ಸಲ ನೀ ಹಾಕು ಅಂದಾಳ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನನ್ನ ಸುಳ್ಳು ಈಗ ಆ ಕೂಸಿನ ಬಾಯಿಗೂ ಬಂದಿತ್ತು. ಇನ್ನು ಅವಳೂ ದೊಡ್ಡವಳಾಗಿ, ಇರದ ಅಣ್ಣನಿಗಾಗಿ ವರ್ಷಾ ವರ್ಷಾ —

ಮಧ್ಯಾಹ್ನ ಅಡಿಗೆಮನೆಯಲ್ಲಿ ವೈನಿ ಒಬ್ಬಳೇ ಇದ್ದಾಗ ಹೇಳಿದೆ. ಗುಳಿಗೆ ಯಾವುದು, ಯಾಕೆ ತೆಗೆದುಕೊಳ್ಳುತ್ತಿದ್ದೆ, ಯಾಕೆ ಡಬ್ಬಿ ಬದಲಿಸಿದೆ, ಡಾಕ್ಟರು ಏನೆಂದರು, ಎಲ್ಲವನ್ನೂ. ಪಾಠ ಮಾಡುವ ಹಾಗೆ ಸರಾಗವಾಗಿಯೇ ಹೇಳಿದೆ. ಅವಳು ಉಂಡೆ ಕಟ್ಟುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ಅಂದ್ರ ಗೊನಿ ಎತ್ತಿದ್ದಕ್ಕಲ್ಲ?"

"ಅಲ್ಲ ವೈನಿ."

"ನನ್ನ ಕೈಲಿಂದ ಏನೂ ಆಗಿಲ್ಲ?"

"ಏನೂ ಆಗಿಲ್ಲ."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ದೊಡ್ಡ ಉಸಿರು ಬಿಟ್ಟಳು, ನಕ್ಕಳು ಕೂಡ. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಈಗ ಬರೀ ಸಿಟ್ಟಿತ್ತು.

"ಹೆಸರಿಟ್ಟಿದ್ನೆ ಅಂವಗ. ನಿಮ್ಮಣ್ಣಗೂ ಹೇಳಿಲ್ಲ. ಏಳು ವರ್ಷ ನನ್ನ ಮುಂದೇ ಕುಂತು ಉಂಡಿ, ಒಂದು ಮಾತು ಬರಲಿಲ್ಲ ನಿನ್ನ ಬಾಯಾಗ?"

ಅವಳು ಎದ್ದು ಮುಖ ತೊಳೆದು, ನನ್ನ ರಟ್ಟೆ ಹಿಡಿದು ಅವ್ವನ ಮುಂದೆ ತಂದು ನಿಲ್ಲಿಸಿದಳು. "ನನಗ ಒಬ್ಬಾಕಿಗೇ ಹೇಳಿದ್ರ ಸಾಲದು. ಇವರ ಮುಂದ ಹೇಳು."

ಮತ್ತೊಮ್ಮೆ ಹೇಳಿದೆ. ಅವ್ವ ಮೊದಲು ಹಿಡಿದದ್ದು ಬೇರೆ ತುದಿಯನ್ನೇ. "ಅಂದ್ರ ಲಗ್ನ ಆಗೂಕಿಂತ ಮೊದಲೇ ನೀ ಆ ಗುಳಿಗಿ..."

"ಅತ್ತಿ, ಈಗ ಅದಲ್ಲರಿ ಮಾತು" ಎಂದಳು ವೈನಿ. ಅತ್ತೆಯ ಮಾತನ್ನು ಅವಳು ನಡುವೆ ಕಡಿದದ್ದು ನಾನು ನೋಡಿದ್ದು ಅದೇ ಮೊದಲು.

ಏಳು ವರ್ಷ ತಾನು ಆಡಿದ ಮಾತು ಅವ್ವನಿಗೆ ಆಗ ನೆನಪಾಗಿರಬೇಕು. ಸೊಸೆಯ ಕೈ ಹಿಡಿದು, "ನಂದು ತಪ್ಪಾಯ್ತು ಯವ್ವಾ" ಎಂದಳು.

ಆಗ ನನಗೆ ಹೊಳೆಯಿತು. ಎರಡು ಸಲ ಎಲ್ಲವನ್ನೂ ಬಿಡಿಸಿ ಹೇಳಿದ್ದೆ — ಗುಳಿಗೆ, ಡಾಕ್ಟರು, ಊರಿನ ಹೆದರಿಕೆ. ಈ ಒಂದು ಮಾತು ಮಾತ್ರ ನನ್ನ ಬಾಯಿಂದ ಬಂದಿರಲಿಲ್ಲ. ಅಲ್ಲಿಯವರೆಗೆ ಏನೂ ಗೊತ್ತಿರದಿದ್ದ ಅವ್ವ ನನಗಿಂತ ಮೊದಲು ಅದನ್ನು ಹೇಳಿದ್ದಳು.

"ತಪ್ಪು ಅವ್ವಂದಲ್ಲ, ವೈನಿ. ನಂದು" ಎಂದೆ.

ಅವಳು ಇರಲಿ ಬಿಡು ಎನ್ನಲಿಲ್ಲ, ಸಮಾಧಾನ ಮಾಡಲೂ ಇಲ್ಲ. ನನ್ನನ್ನು ನೆಟ್ಟಗೆ ನೋಡಿ, "ಹೌದು, ನಿಂದೇ" ಎಂದಳು. ಏಳು ವರ್ಷದಲ್ಲಿ ಮೊದಲ ಸಲ ನಾನು ಅವಳ ಮುಖ ನೋಡಿಕೊಂಡು ಉಸಿರಾಡಿದೆ.